ಎಲ್ಲ ಸಣ್ಣಕ್ಷರ, ನಡುವೆ ಜಾಗವಿಲ್ಲ

ಶ್ರೀನಗರ ಬಸ್ ಸ್ಟ್ಯಾಂಡಿನ ಹತ್ತಿರ, ಬೇಕರಿಗೂ ಮೊಬೈಲ್ ರಿಪೇರಿಗೂ ನಡುವೆ
ಆರಡಿ ಅಗಲದ ನನ್ನ ಜೆರಾಕ್ಸ್ ಅಂಗಡಿ.
ಈ ಏರಿಯಾದ ಆಧಾರೆಲ್ಲ ನನ್ನ ಗಾಜಿನ ಮೇಲೆ
ಒಮ್ಮೆಯಾದರೂ ಬೋರಲು ಮಲಗಿ ಎದ್ದಿದೆ.
ಯಾರ ಪ್ಯಾನು, ಯಾರ ಬಾಡಿಗೆ ಕರಾರು, ಯಾರ ಡೈವೋರ್ಸು,
ನೋಡಿಯೂ ನೋಡದ ಹಾಗೆ ಪಿನ್ ಹೊಡೆದು ಕೊಡುತ್ತೇನೆ.
ಹಾಳೆಗೆ ಎರಡು ರೂಪಾಯಿ.
ಬಾಯಿ ಮುಚ್ಚಿಕೊಂಡಿರುವುದು ಪುಕ್ಕಟೆ.

ಆ ಮಂಗಳವಾರ ಟೋನರ್ ಬದಲಾಯಿಸಿ ಕೈಯೆಲ್ಲ ಕಪ್ಪು.
ಯಾರೋ ರೆಸ್ಯೂಮೆ ಕಳಿಸಿದ್ದೇನೆ ಅಂದರು, ಮೇಲ್ ತೆಗೆದೆ.
ಅದರ ಮೇಲೊಂದು ಕೂತಿತ್ತು, ಹೆಸರಿಲ್ಲದವನದು:
"ನಿನ್ನ ಪಾಸ್‌ವರ್ಡ್ ನನಗೆ ಗೊತ್ತು.
ಇಂದುಧರ೮೯."

ಉಳಿದದ್ದು ಆಮೇಲೆ ಓದಿದೆ.
ನಿನ್ನ ಕ್ಯಾಮರಾದೊಳಗೆ ಕೂತು ನಿನ್ನನ್ನೇ ನೋಡಿದ್ದೇನೆ ಅಂತ,
ನಲವತ್ತೆಂಟು ಗಂಟೆ ಅಂತ, ಬಿಟ್‌ಕಾಯಿನ್ ಅಂತ,
ಇಲ್ಲದಿದ್ದರೆ ನಿನ್ನ ಬಳಗಕ್ಕೆಲ್ಲ ವಿಡಿಯೋ ಅಂತ.
ಕಂಪ್ಯೂಟರಿಗೆ ಕ್ಯಾಮರಾನೇ ಇಲ್ಲ. ಎಸ್.ಪಿ. ರೋಡಿನ ಸೆಕೆಂಡ್ ಹ್ಯಾಂಡ್ ಮಾಲು.
ಆದರೂ ಸೆರಗು ಎಳೆದುಕೊಂಡೆ.
ಆದರೂ ಮಾನಿಟರಿನ ನೆತ್ತಿಗೆ, ಇದ್ದಿದ್ದರೆ ಇರಬೇಕಾದ ಕಡೆ,
ಬ್ರೌನ್ ಟೇಪು ಅಂಟಿಸಿದೆ.

ನಿಜ ಹೇಳಲಾ? ಮೊದಲು ಆದದ್ದು ಹೆದರಿಕೆ ಅಲ್ಲ.
ಗಾಂಧಿ ಬಜಾರಿನ ಗದ್ದಲದಲ್ಲಿ ಯಾರೋ ಹಿಂದಿನಿಂದ ಕೂಗಿದರೆ
ಕಾಲು ತಾನಾಗಿ ನಿಲ್ಲುತ್ತದಲ್ಲ, ಅದು.
ಮೂವತ್ತು ವರ್ಷದ ಮೇಲಾಯಿತು ಆ ಹೆಸರು
ಇನ್ನೊಬ್ಬರ ಕಡೆಯಿಂದ ನನ್ನತ್ತ ಬಂದು.
ಬಾಯಲ್ಲಿ ನಾನೂ ಅಂದಿಲ್ಲ. ಬೆರಳಲ್ಲಿ ಮಾತ್ರ,
ದಿನಾ, ಕರೆಂಟ್ ಬಿಲ್ಲಿಗೆ, ಗ್ಯಾಸ್ ಬುಕಿಂಗಿಗೆ,
ಮಗಳ ಕಾಲೇಜ್ ಫೀಸಿಗೆ.
ಒಂದೊಂದು ಅಕ್ಷರಕ್ಕೆ ಒಂದೊಂದು ಚುಕ್ಕಿ ಬೀಳುತ್ತಿತ್ತು ತೆರೆಯ ಮೇಲೆ.
ಹೆಗಲ ಮೇಲಿಂದ ಬಗ್ಗಿ ನೋಡುವ ನನ್ನ ಗಂಡ ಗಂಗರಾಜುಗೂ
ಬರೀ ಚುಕ್ಕಿ.

ಯಾರು ಅಂತ ಕೇಳಬೇಡಿ.
ಅಂಥದ್ದೇನೂ ಇಲ್ಲ. ಎಂಬತ್ತೊಂಬತ್ತು, ಟೈಪಿಂಗ್ ಕ್ಲಾಸು,
ಪಕ್ಕದ ಮಿಷಿನ್ನು.
ರಿಬ್ಬನ್ನು ಸಿಕ್ಕಿಕೊಂಡರೆ ಬಿಡಿಸಿಕೊಡುತ್ತಿದ್ದ,
ಕೈಯೆಲ್ಲ ಕಪ್ಪು ಮಾಡಿಕೊಂಡು. ಅಷ್ಟೆ.

ಮೊಬೈಲ್ ರಿಪೇರಿಯ ಮುದಸ್ಸಿರ್ ಬಂದು ಓದಿ ನಕ್ಕ.
"ಅಕ್ಕಾ, ಇದು ಎಲ್ಲರಿಗೂ ಬರತ್ತೆ. ಯಾವುದೋ ಹಳೇ ಸೈಟು ಒಡೆದಿರ್ತಾರೆ,
ಮೂಟೆಗಟ್ಟಲೆ ಮಾರ್ತಾರೆ. ಪಾಸ್‌ವರ್ಡ್ ಚೇಂಜ್ ಮಾಡಿ, ಟೀ ಕುಡೀರಿ."
ಆಮೇಲೆ ತೆರೆಗೆ ಬೆರಳಿಟ್ಟು, "ಇದ್ಯಾರು?"
"ದೇವರು," ಅಂದೆ. "ತಲೆ ಮೇಲೆ ಚಂದ್ರ ಇಟ್ಕೊಂಡಿರ್ತಾನಲ್ಲ, ಅವನು."
ಸುಳ್ಳೇನಲ್ಲ.

ಮೂಟೆಗಟ್ಟಲೆ.
ಯಾವ ದೇಶದ ಯಾವ ಸಂತೆಯಲ್ಲೋ
ಲಕ್ಷಾಂತರ ಹೆಸರುಗಳ ಜೊತೆ ಒತ್ತಿಕೊಂಡು ಮಾರಿಹೋಗಿದೆ,
ಕೊಂಡವನಿಗೆ ಅರ್ಥವೂ ಆಗದ ನನ್ನದೊಂದು.

ಹೊಸದಕ್ಕೆ ಒಂದು ದೊಡ್ಡಕ್ಷರ ಬೇಕಂತೆ, ಒಂದು ಚಿಹ್ನೆ ಬೇಕಂತೆ.
ಹಳೆಯದು ಎಲ್ಲ ಸಣ್ಣಕ್ಷರ, ನಡುವೆ ಜಾಗವಿಲ್ಲ.
ಜೆರಾಕ್ಸ್ ಮಿಷಿನ್ನಿನ ಮಾಡೆಲ್ ನಂಬರು ಹೊಡೆದು
ಕೊನೆಗೊಂದು ಡಾಲರ್ ಸಿಕ್ಕಿಸಿದೆ.
"ಬಲಿಷ್ಠವಾಗಿದೆ" ಅಂತ ಹಸಿರಲ್ಲಿ ಮೆಚ್ಚಿಕೊಂಡಿತು.

ನಲವತ್ತೆಂಟು ಗಂಟೆ ಎಣಿಸಿದೆ, ಮುಚ್ಚಿಡೋದೇನು.
ಗುರುವಾರ ಹನ್ನೊಂದಕ್ಕೆ ಫೋನ್ ಹೊಡೆದುಕೊಂಡಾಗ ಎದೆ ಧಸಕ್ಕೆಂದಿತು.
ನಾದಿನಿ. ಮಿಕ್ಸಿ ಜಾರು ಯಾವಾಗ ವಾಪಸ್ಸು ಕೊಡ್ತೀಯ ಅಂತ.
ಏನೂ ಆಗಲಿಲ್ಲ.

ಬೆರಳಿಗೆ ಮಾತ್ರ ಯಾರು ಹೇಳಬೇಕು.
ಇವತ್ತು ಬೆಳಿಗ್ಗೆಯೂ, ಗಮನ ಬೇರೆಲ್ಲೋ ಇದ್ದಾಗ,
ಹಳೆಯದನ್ನೇ ಹೊಡೆದುಬಿಟ್ಟಿತು.
ಕೆಂಪಲ್ಲಿ ಬಂತು: ತಪ್ಪು.
ಅದರ ಕೆಳಗೆ ಸಣ್ಣದಾಗಿ: ಮರೆತಿರಾ?

ಕೌಂಟರಿನ ಆಚೆ ಹೆಲ್ಮೆಟ್ಟೂ ತೆಗೆಯದೆ ನಿಂತಿದ್ದವನು
ಆಧಾರ್ ಚಾಚಿದ:
"ಮೇಡಂ, ಹಿಂದೆ ಮುಂದೆ ಎರಡೂ ಬರಬೇಕು.
ಒಂದೇ ಹಾಳೇಲಿ."